ಹಸುಗೂಸಿನ ಹೊಟ್ಟೆಯುಬ್ಬರ: ಸಬ್ಬಸಿಗೆಯಿಂದ ಗ್ರೈಪ್ ವಾಟರಿನವರೆಗೆ

(ಕುರುಗೋಡಿನಲ್ಲಿ ತಾಯಂದಿರು ಹಾಗೂ ಅಂಗನವಾಡಿ ಕಾರ್ಯಕರ್ತೆಯರು ಸೇರಿದ್ದ ಸಭೆಯೊಂದರಲ್ಲಿ ನಮ್ಮ ಬಳ್ಳಾರಿ ವರದಿಗಾರರು ಆಡಿದ ಮಾತುಗಳ ಬರಹರೂಪ.)



ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ವೈದ್ಯನಲ್ಲ, ಪತ್ರಿಕೆಯ ವರದಿಗಾರ. ಮದುವೆಯೂ ಆಗಿಲ್ಲ. ಇಂಥವನು ಬಾಣಂತನದ ಬಗ್ಗೆ, ಅದೂ ಹತ್ತು ಮಕ್ಕಳನ್ನು ಎತ್ತಿ ಆಡಿಸಿದ ಅಜ್ಜಿಯಂದಿರು ಕೂತಿರುವ ಸಭೆಯಲ್ಲಿ ಮಾತಾಡುವುದೆಂದರೆ ಈಜು ಬಾರದವನು ತುಂಗಭದ್ರೆಯ ದಡದಲ್ಲಿ ನಿಂತು ಮೀನಿಗೆ ಪಾಠ ಹೇಳಿದಂತೆ. ಆದರೂ ಒಪ್ಪಿಕೊಂಡು ಬಂದಿದ್ದಕ್ಕೆ ಕಾರಣವುಂಟು.

ಎರಡು ವರ್ಷದ ಹಿಂದೆ ನಮ್ಮಕ್ಕ ಚೊಚ್ಚಲ ಬಾಣಂತನಕ್ಕೆ ಸಿರುಗುಪ್ಪದ ನಮ್ಮ ಮನೆಗೆ ಬಂದಿದ್ದಳು. ಗಂಡು ಕೂಸು. ಹುಟ್ಟಿದಾಗ ತೂಕ ಸರಿಯಾಗಿತ್ತು, ಹಾಲು ಚೆನ್ನಾಗಿ ಕುಡಿಯುತ್ತಿತ್ತು. ಮೂರನೆಯ ವಾರಕ್ಕೆ ಶುರುವಾಯಿತು ನೋಡಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅಳು. ಮುಖ ಕೆಂಪಾಗುತ್ತಿತ್ತು, ಮುಷ್ಟಿ ಬಿಗಿಯುತ್ತಿತ್ತು, ಎರಡೂ ಕಾಲು ಹೊಟ್ಟೆಗೆ ಎಳೆದುಕೊಳ್ಳುತ್ತಿತ್ತು. ಹೊಟ್ಟೆ ಮುಟ್ಟಿದರೆ ತಮಟೆ. ರಾತ್ರಿ ಹತ್ತರವರೆಗೆ ಇದೇ ಕಥೆ. ಆಮೇಲೆ ಎರಡು ಸಲ ವಾಯು ಬಿಟ್ಟು, ಏನೂ ಆಗಿಯೇ ಇಲ್ಲವೆಂಬಂತೆ ನಿದ್ದೆ.

ಕೂಸಿನ ಅಳುವಿಗಿಂತ ಜೋರಾಗಿದ್ದದ್ದು ಸಲಹೆಗಳು. ಓಣಿಯವರೊಬ್ಬರು ಅಕ್ಕ ಬೇಳೆ ಉಂಡದ್ದೇ ತಪ್ಪೆಂದರು. ಇನ್ನೊಬ್ಬರು ಬದನೆಕಾಯಿ ಎಂದರು. ಹುರುಳಿ, ಅಲಸಂದೆ, ಆಲೂಗಡ್ಡೆ ಒಂದೊಂದಾಗಿ ತಟ್ಟೆಯಿಂದ ಮಾಯವಾದವು. ಒಂದು ತಿಂಗಳು ಅಕ್ಕ ಉಂಡದ್ದು ಬರೀ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ ಚಟ್ನಿ. ಕೊನೆಗೆ ದೂರದ ಬಂಧುವೊಬ್ಬರು ಬಂದು, ನಿನ್ನ ಹಾಲೇ ಸರಿಯಿಲ್ಲ, ಡಬ್ಬಿ ಹಾಲು ಶುರುಮಾಡು ಅಂದರು. ಮತ್ತೊಬ್ಬರು ಹೊಟ್ಟೆಗೆ ಸಣ್ಣದೊಂದು ಬರೆ ಹಾಕಿಸಿದರೆ ಒಂದೇ ದಿನಕ್ಕೆ ವಾಸಿ ಅಂದರು. ಆವತ್ತು ಅಕ್ಕ ಅಡುಗೆಮನೆಯಲ್ಲಿ ಕೂತು ಅತ್ತದ್ದು ನನಗಿನ್ನೂ ನೆನಪಿದೆ. ಕೂಸು ಒಳಗೆ ಅಳುತ್ತಿತ್ತು, ತಾಯಿ ಇಲ್ಲಿ ಅಳುತ್ತಿದ್ದಳು.

ಮೂರು ತಿಂಗಳು ತುಂಬುತ್ತಿದ್ದಂತೆ ಅಳು ತಾನಾಗಿ ನಿಂತಿತು. ಓಮದ ನೀರು ಕೊಡಲು ಹೇಳಿದವರು ಓಮದಿಂದ ನಿಂತಿತೆಂದರು. ದೃಷ್ಟಿ ತೆಗೆದವರು ದೃಷ್ಟಿ ಹೋಯಿತೆಂದರು. ಔಷಧಿ ಅಂಗಡಿಯ ಸೀಸೆ ತಂದುಕೊಟ್ಟ ನಾನೂ ಸುಮ್ಮನಿರಲಿಲ್ಲ ಅನ್ನಿ, ಮನೆಯಲ್ಲಿ ಒಂದಿಷ್ಟು ಹೊಗಳಿಕೆ ಪಡೆದುಕೊಂಡೆ. ಆಮೇಲೆ ಯೋಚನೆ ಹತ್ತಿತು. ಇಷ್ಟೊಂದು ಔಷಧ, ಇಷ್ಟೊಂದು ಪಥ್ಯ. ಇವೆಲ್ಲ ಎಲ್ಲಿಂದ ಬಂದವು? ಯಾವುದರಲ್ಲಿ ಹುರುಳಿದೆ? ಅಂದು ಕೆದಕಲು ಶುರುಮಾಡಿ ಸಿಕ್ಕಿದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಅಳುವಿನ ವಿಷಯ. ವೈದ್ಯರು ಇದನ್ನು 'ಕಾಲಿಕ್' ಅನ್ನುತ್ತಾರೆ. 1954ರಲ್ಲಿ ಅಮೆರಿಕದ ಮಕ್ಕಳ ತಜ್ಞ ಮಾರಿಸ್ ವೆಸೆಲ್ ಮತ್ತು ಸಂಗಡಿಗರು ಇದಕ್ಕೊಂದು ಅಳತೆಗೋಲು ಹಾಕಿದರು. ಬೇರೆಲ್ಲ ರೀತಿಯಲ್ಲಿ ಆರೋಗ್ಯವಾಗಿರುವ ಕೂಸು ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು, ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು, ಮೂರು ವಾರಕ್ಕಿಂತ ಹೆಚ್ಚು ಕಾಲ ಅತ್ತರೆ ಅದು ಕಾಲಿಕ್ ಎಂದು. ಅದೇ ವರ್ಷ ಇಂಗ್ಲೆಂಡಿನ ರೊನಾಲ್ಡ್ ಇಲ್ಲಿಂಗ್‌ವರ್ತ್ ಎಂಬ ವೈದ್ಯರು ಇದನ್ನು 'ಮೂರು ತಿಂಗಳ ಹೊಟ್ಟೆನೋವು' ಎಂದು ಕರೆದು ಬರೆದರು. ಮುಂದೆ 1962ರಲ್ಲಿ ಬ್ರೇಜಲ್‌ಟನ್ ಎಂಬ ವೈದ್ಯರು ಯಾವ ಕಾಯಿಲೆಯೂ ಇಲ್ಲದ 80 ಕೂಸುಗಳ ಅಳುವನ್ನು ತಾಯಂದಿರಿಂದಲೇ ಬರೆಸಿ ಇಟ್ಟರು. ಆರನೆಯ ವಾರದಲ್ಲಿ ಅಳು ಶಿಖರ ಮುಟ್ಟುತ್ತದೆ, ಆಗ ಸಾಮಾನ್ಯ ಕೂಸೂ ದಿನಕ್ಕೆ ಸುಮಾರು ಎರಡೂಮುಕ್ಕಾಲು ಗಂಟೆ ಅಳುತ್ತದೆ, ಆಮೇಲೆ ಇಳಿಯುತ್ತ ಹೋಗುತ್ತದೆ ಎಂಬುದು ಅದರಿಂದ ಕಂಡುಬಂತು. ಅಳು ಹೆಚ್ಚುವುದು ಸಂಜೆ. ತಾಯಿಯ ಹಾಲು ಕುಡಿಯುವ ಕೂಸಿಗೂ ಹೀಗೇ, ಡಬ್ಬಿ ಹಾಲು ಕುಡಿಯುವ ಕೂಸಿಗೂ ಹೀಗೇ. ಎಂದ ಮೇಲೆ ತಾಯಿಯ ಹಾಲನ್ನು ಬಿಡಿಸಿ ಡಬ್ಬಿ ಹಿಡಿಸುವುದರಲ್ಲಿ ಅರ್ಥವಿಲ್ಲ. 1992ರ ಶಿಶು ಹಾಲು ಬದಲಿಗಳ ಕಾಯಿದೆ ಬಂದ ಮೇಲೆ ಡಬ್ಬಿಯ ಮೇಲೆಯೇ ತಾಯಿಯ ಹಾಲು ಶ್ರೇಷ್ಠವೆಂದು ಅಚ್ಚು ಹಾಕಬೇಕು. ನಾವು ಡಬ್ಬಿ ಕೊಳ್ಳುತ್ತೇವೆ, ಡಬ್ಬಿ ಹೇಳುವ ಮಾತನ್ನು ಓದುವುದಿಲ್ಲ.

ಇಲ್ಲಿ ಕೂತಿರುವ ಆಶಾ ಕಾರ್ಯಕರ್ತೆಯರು ಒಂದು ಲೆಕ್ಕ ಗಮನಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ನೀವು ಮನೆಗೆ ಹೋಗುವುದು 3, 7, 14, 21, 28 ಮತ್ತು 42ನೆಯ ದಿನ. ಅಂದರೆ ನವಜಾತ ಶಿಶುವಿನ ಕೊನೆಯ ಭೇಟಿ ಬೀಳುವುದು ಸರಿಯಾಗಿ ಆರನೆಯ ವಾರಕ್ಕೆ, ಅಳು ಶಿಖರಕ್ಕೇರುವ ಹೊತ್ತಿಗೆ. 2018ರಲ್ಲಿ ಶುರುವಾದ ಮುಂದಿನ ಭೇಟಿಗಳ ಸರಣಿ ಆರಂಭವಾಗುವುದು ಮೂರು ತಿಂಗಳಿಗೆ, ಅಳು ನಿಲ್ಲುವ ಹೊತ್ತಿಗೆ. ನಡುವಿನ ಏಳು ವಾರ ಆ ತಾಯಿಗೆ ಸಿಗುವುದು ಓಣಿಯ ಸಲಹೆ ಮಾತ್ರ. ನಮ್ಮಕ್ಕನಿಗೆ ಡಬ್ಬಿ ಹಾಲು, ಬರೆ ಎರಡರ ಸಲಹೆ ಬಂದದ್ದೂ ಇದೇ ಏಳು ವಾರದೊಳಗೆ. 42ನೆಯ ದಿನದ ಭೇಟಿಯಲ್ಲಿ ಎರಡು ನಿಮಿಷ ಹೆಚ್ಚು ಕೂತು, ಇದು ಇನ್ನೊಂದು ತಿಂಗಳು ಹೀಗೇ ಇರುತ್ತದಮ್ಮಾ, ನಿನ್ನ ಹಾಲಿನ ತಪ್ಪಲ್ಲ ಎಂದು ಹೇಳಿ ಬಂದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಅಳುವುದಷ್ಟೇ ಗೊತ್ತಿರುವ ಕೂಸಿನ ನೋವು ಎಲ್ಲಿದೆ ಎಂದು ತಿಳಿಯುವುದು ಹೇಗೆ? ನಮ್ಮ ಹಿಂದಿನವರು ಇದರ ಬಗ್ಗೆ ಬಹಳ ತಲೆ ಕೆಡಿಸಿಕೊಂಡಿದ್ದಾರೆ. ಆಯುರ್ವೇದದಲ್ಲಿ ಮಕ್ಕಳ ಚಿಕಿತ್ಸೆಗೆಂದೇ 'ಕಾಶ್ಯಪ ಸಂಹಿತೆ' ಎಂಬ ಗ್ರಂಥವಿದೆ. ಪೂರ್ತಿಯಾಗಿ ಉಳಿದಿಲ್ಲ. ನೇಪಾಳದಲ್ಲಿ ಸಿಕ್ಕ ಹರಿದ ಪ್ರತಿಯೊಂದರಿಂದ 1938ರಲ್ಲಿ ಅಚ್ಚಾಯಿತು. ಅದರ ಒಂದು ಅಧ್ಯಾಯವೇ ಮಾತು ಬಾರದ ಶಿಶುವಿನ ವೇದನೆಯನ್ನು ಲಕ್ಷಣದಿಂದ ಗುರುತಿಸುವ ಬಗ್ಗೆ. ಹೊಟ್ಟೆಶೂಲೆಯ ಕೂಸು ಹೇಗಿರುತ್ತದೆ? ಮೊಲೆಯನ್ನು ತಳ್ಳಿಬಿಡುತ್ತದೆ, ಅಳುತ್ತದೆ, ಅಂಗಾತ ಮಲಗಿ ಮೈ ಮುರಿಯುತ್ತದೆ, ಹೊಟ್ಟೆ ಬಿಗಿಯುತ್ತದೆ, ಮೈ ತಣ್ಣಗಾಗುತ್ತದೆ, ಮುಖ ಬೆವರುತ್ತದೆ. ನಮ್ಮ ಮನೆಯ ಕೂಸನ್ನು ನೋಡಿಯೇ ಬರೆದಂತಿದೆ! ಔಷಧದ ಪ್ರಮಾಣದ ಬಗ್ಗೆಯೂ ಅಲ್ಲಿ ಎಚ್ಚರವಿದೆ. ಹುಟ್ಟಿದ ಕೂಸಿಗೆ ವಾಯುವಿಳಂಗದ ಒಂದು ಕಾಳಿನಷ್ಟು, ತಿಂಗಳು ತಿಂಗಳಿಗೆ ಕೊಂಚ ಹೆಚ್ಚಿಸುತ್ತ ಹೋಗಬೇಕು, ಎಷ್ಟಾದರೂ ನೆಲ್ಲಿಕಾಯಿಯ ಗಾತ್ರ ಮೀರಬಾರದು ಎಂಬುದು ಆ ಲೆಕ್ಕ.

ಈ ಲೆಕ್ಕವನ್ನು ಓದದೆಯೇ ಬಲ್ಲವರು ನಮ್ಮ ಅಜ್ಜಿಯಂದಿರು. ಸಾಣೆಕಲ್ಲು, ಅದರ ಮೇಲೆ ನಾಲ್ಕು ಹನಿ ತಾಯಿಯ ಹಾಲು. ಬಜೆ, ಅಳಲೆಕಾಯಿ, ಜಾಯಿಕಾಯಿ, ಮಾಚಿಕಾಯಿ, ಶುಂಠಿ, ಅರಿಶಿನದ ಕೊಂಬು, ಒಣ ಉತ್ತತ್ತಿ ಒಂದೊಂದನ್ನೂ ತೇಯಬೇಕು. ಮೊದಲ ತಿಂಗಳು ಒಂದು ಸುತ್ತು, ಮರುತಿಂಗಳು ಎರಡು ಸುತ್ತು. ತಕ್ಕಡಿಯಿಲ್ಲ, ಅಳತೆಯ ಚಮಚವಿಲ್ಲ, ಕಲ್ಲಿನ ಮೇಲೆ ಕೈ ತಿರುಗಿದ ಸುತ್ತೇ ಅಳತೆ. ಕೆಲವು ಕಡೆ ಇದನ್ನು 'ಗುಟ್ಟಿ' ಎನ್ನುತ್ತಾರೆ. ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆದ ರೈತರ ಕ್ಯಾಂಪುಗಳು ಸಿರುಗುಪ್ಪದ ಸುತ್ತಮುತ್ತ ಬೇಕಾದಷ್ಟಿವೆಯಲ್ಲ, ಅಲ್ಲಿ ಬಜೆಗೆ 'ವಸ' ಅನ್ನುತ್ತಾರೆ. ವಸ ತಿಂದ ಕೂಸಿಗೆ ಮಾತು ಬೇಗ ಬರುತ್ತದೆಂಬ ನಂಬಿಕೆ ಎರಡೂ ಭಾಷೆಯವರಲ್ಲಿದೆ. ಬಾಯಿ ಮುಚ್ಚದೆ ಮಾತಾಡುವವರಿಗೆ ತೆಲುಗಿನಲ್ಲಿ 'ವಸಪಿಟ್ಟ' ಎಂದೇ ಹೆಸರು. ನನಗೆ ಚಿಕ್ಕಂದಿನಲ್ಲಿ ಎಷ್ಟು ಸುತ್ತು ಹಾಕಿದ್ದರೋ ಗೊತ್ತಿಲ್ಲ, ನೀವೇ ಅಂದಾಜು ಮಾಡಿ.

ಅಜ್ಜಿಯ ಜ್ಞಾನವನ್ನು ಹಗುರವಾಗಿ ಕಾಣುವವನಲ್ಲ ನಾನು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಶಾಲೆಯ ಮುಖ ಕಾಣದೆ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರ ಕೈಗುಣ ಪುಸ್ತಕದಲ್ಲಿ ಸಿಗುವಂಥದಲ್ಲ. ಆದರೆ ಗುಟ್ಟಿಯ ಬಗ್ಗೆ ಇವತ್ತು ಗೊತ್ತಿರುವುದನ್ನು ಮುಚ್ಚಿಡುವುದೂ ತಪ್ಪು. ಬಜೆಯಲ್ಲಿ ಅಸರೋನ್ ಎಂಬ ಅಂಶವಿದೆ. ಪ್ರಯೋಗಾಲಯದ ಪ್ರಾಣಿಗಳಲ್ಲಿ ಅದು ಗಡ್ಡೆ ಬೆಳೆಸಿದ್ದರಿಂದ ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆಯ ಬಳಕೆ ನಿಷೇಧಿಸಿತು. ಜಾಯಿಕಾಯಿ ಒಂದು ಸುತ್ತು ಹೆಚ್ಚಾದರೆ ಕೂಸು ಮಂಕಾಗಿ ಬೀಳುತ್ತದೆ, ನಾವು ಅದನ್ನು ಸುಖನಿದ್ರೆ ಎಂದುಕೊಳ್ಳುತ್ತೇವೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಕಲ್ಲು. ಅದನ್ನು ತೊಳೆದ ನೀರು ಯಾವುದು, ಅದು ಇಟ್ಟಿದ್ದ ಜಾಗ ಯಾವುದು? ಹೊಟ್ಟೆಯುಬ್ಬರಕ್ಕೆಂದು ಕೊಟ್ಟ ಔಷಧಿಯಿಂದ ಭೇದಿ ಹತ್ತಿಸಿಕೊಂಡರೆ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ 2001ರಿಂದಲೂ ಹೇಳುತ್ತಿರುವುದು ಒಂದೇ. ಆರು ತಿಂಗಳು ತಾಯಿಯ ಹಾಲಿನ ಹೊರತು ಒಂದು ಹನಿ ನೀರೂ ಬೇಡ, ವೈದ್ಯರು ಬರೆದುಕೊಟ್ಟ ಔಷಧಿಯನ್ನು ಬಿಟ್ಟು. ಅದಕ್ಕೆ ಗುಟ್ಟಿಯೂ ಹೊರತಲ್ಲ, ಜೇನುತುಪ್ಪವೂ ಹೊರತಲ್ಲ. ಜೇನಿನಲ್ಲಿರಬಹುದಾದ ಒಂದು ಬಗೆಯ ರೋಗಾಣುವಿನಿಂದ ಒಂದು ವರ್ಷದೊಳಗಿನ ಮಗುವಿಗೆ ಬೊಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು.

ಒಂದು ಹನಿ ನೀರೂ ಬೇಡ ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ತಲೆ ಅಲ್ಲಾಡಿಸಿದ್ದು ಕಂಡೆ. ನಿಜ, ಬಳ್ಳಾರಿಯ ಬಿಸಿಲೆಂದರೆ ಸಾಮಾನ್ಯವೇ? ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ಇದು. ಆದರೆ ತಾಯಿಯ ಹಾಲಿನಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ. ಬಿಸಿಲಿಗೆ ನೀರು ಕುಡಿಯಬೇಕಾದವಳು ತಾಯಿ. ಕೂಸಿಗೆ ಬೇಕಾದದ್ದು ಇನ್ನೊಂದು ಸಲ ಮೊಲೆ.

ಈಗ ಸೀಸೆಯ ಕಥೆಗೆ ಬರೋಣ. ನನಗೆ ಬಹಳ ಸ್ವಾರಸ್ಯವೆನಿಸಿದ ಭಾಗವಿದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿನ ವಿಲಿಯಂ ವುಡ್‌ವರ್ಡ್ ಎಂಬ ಔಷಧ ತಯಾರಕ 1851ರಲ್ಲಿ ಗ್ರೈಪ್ ವಾಟರ್ ಸಿದ್ಧಪಡಿಸಿದ. ಅದಕ್ಕೆ ಮುಂಚೆ ಇಂಗ್ಲೆಂಡಿನ ಪೂರ್ವದ ಜೌಗು ನಾಡಿನಲ್ಲಿ ಮಲೇರಿಯಾದಂಥ ಜ್ವರ ಹಬ್ಬಿದಾಗ ಮಕ್ಕಳಿಗೆ ಕೊಡುತ್ತಿದ್ದ ಔಷಧವೊಂದು ಹೊಟ್ಟೆನೋವಿನ ಅಳುವನ್ನೂ ಶಮನಗೊಳಿಸುತ್ತದೆಂದು ಗಮನಿಸಿದ್ದರಂತೆ. ಅದೇ ಇದರ ಮೂಲ. 1876ರಲ್ಲಿ ಹೆಸರನ್ನು ನೋಂದಾಯಿಸಿದ. ಒಳಗಿದ್ದದ್ದು ಏನೇನು? ಅಡುಗೆ ಸೋಡಾ, ಸಕ್ಕರೆ, ಶೇಕಡ 3.6ರಷ್ಟು ಮದ್ಯಸಾರ, ಜತೆಗೆ ಒಂದು ಬೀಜದ ಎಣ್ಣೆ. ಆ ಬೀಜ ಯಾವುದು ಗೊತ್ತೆ? ಸಬ್ಬಸಿಗೆ! ನಮ್ಮ ಸಂತೆಯಲ್ಲಿ ಕಟ್ಟುಗಟ್ಟಲೆ ಮಾರುವ, ಬಾಣಂತಿಯ ತಟ್ಟೆಗೆ ತಪ್ಪದೆ ಬೀಳುವ ಸಬ್ಬಸಿಗೆ. ಇದರ ಬೀಜಕ್ಕೆ ಮರಾಠಿಯಲ್ಲಿ 'ಬಾಳಂತಶೇಪ' ಎಂದೇ ಹೆಸರು, ಬಾಣಂತಿಯ ಸಬ್ಬಸಿಗೆ ಎಂದರ್ಥ. ಸಂಸ್ಕೃತದ 'ಶತಪುಷ್ಪ' ಇದೇ. ನಾನು ಆಗ ಹೇಳಿದ ಕಾಶ್ಯಪ ಸಂಹಿತೆಯಲ್ಲಿ ಶತಪುಷ್ಪ ಮತ್ತು ಶತಾವರಿಗಳ ಗುಣ ಹೇಳಲು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಅಂದರೆ ಸಾವಿರಾರು ಮೈಲಿ ಆಚೆಯ ನಾಟಿಂಗ್‌ಹ್ಯಾಮಿನವನೂ ನಮ್ಮ ಕುರುಗೋಡಿನ ಅಜ್ಜಿಯೂ ಪರಸ್ಪರ ಕೇಳದೆಯೇ ಒಂದೇ ಗಿಡಕ್ಕೆ ಕೈ ಹಾಕಿದ್ದರು.

ಆ ಸೀಸೆ ನಮ್ಮ ಮನೆಗಳಿಗೆ ಬಂದದ್ದು ಮದರಾಸಿನ ದಾರಿಯಿಂದ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಮದರಾಸಿನ ಆಡಳಿತದಲ್ಲಿತ್ತೆಂಬುದು ಹಿರಿಯರಿಗೆ ಗೊತ್ತಿದೆ. ನಮ್ಮ ಕಚೇರಿ, ರೈಲು, ವ್ಯಾಪಾರ ಎಲ್ಲದರ ಮುಖವೂ ಅತ್ತ ಕಡೆಗೇ ಇತ್ತು. ಅದೇ ಮದರಾಸಿನಲ್ಲಿ ಟಿ.ಟಿ. ಕೃಷ್ಣಮಾಚಾರಿಯವರು, ಮುಂದೆ ಕೇಂದ್ರದ ಹಣಕಾಸು ಸಚಿವರಾದವರು, 1928ರಲ್ಲಿ ಕಟ್ಟಿದ ಸಂಸ್ಥೆ ವುಡ್‌ವರ್ಡ್ಸ್ ಗ್ರೈಪ್ ವಾಟರನ್ನು ದಕ್ಷಿಣದ ಮನೆಮಾತಾಗಿಸಿತು. ದೂರದರ್ಶನದ ಆ ಜಾಹೀರಾತು ನಿಮಗೆ ನೆನಪಿರಬಹುದು. ಕೂಸು ಅಳುತ್ತದೆ, ತಾಯಿಗೆ ಅಜ್ಜಿ, ಅಜ್ಜಿಗೆ ಮುತ್ತಜ್ಜಿ ಒಂದೇ ಸೀಸೆಯ ಹೆಸರು ಹೇಳುತ್ತ ಹೋಗುತ್ತಾರೆ. ವಿದೇಶದ ಸೀಸೆಯೊಂದು ಅಜ್ಜಿಯ ಬಾಯಿಂದಲೇ ಮನೆಯೊಳಗೆ ಬಂತು ನೋಡಿ. ಸೀಸೆಯ ಮೇಲಿನ ಚಿತ್ರದಲ್ಲಿ ಕೂಸೊಂದು ಹಾವು ಹಿಡಿದಿರುವುದನ್ನು ಕಂಡು ನಾನಂತೂ ಚಿಕ್ಕವನಿದ್ದಾಗ ಕಾಳಿಂಗನನ್ನು ಹಿಡಿದ ಬಾಲಕೃಷ್ಣ ಎಂದೇ ತಿಳಿದಿದ್ದೆ. ಅದು ಗ್ರೀಕ್ ಪುರಾಣದ ಹರ್ಕ್ಯುಲಿಸ್, ತೊಟ್ಟಿಲಲ್ಲೇ ಎರಡು ಹಾವು ಹಿಸುಕಿದವನು.

ಗ್ರೈಪ್ ವಾಟರ್ ಕೊಟ್ಟ ಕೂಡಲೇ ಕೂಸು ಸುಮ್ಮನಾಗುತ್ತಿದ್ದುದು ಸುಳ್ಳಲ್ಲ. ಸಕ್ಕರೆಯ ನೀರು ನಾಲಿಗೆಗೆ ತಾಗಿದರೆ ಎಳೆಕೂಸು ಸ್ವಲ್ಪ ಹೊತ್ತು ನೋವು ಮರೆಯುತ್ತದೆ, ಇದು ಪರೀಕ್ಷೆಯಿಂದ ಗೊತ್ತಾಗಿರುವ ಮಾತು. ಮದ್ಯಸಾರದ ಗುಣವನ್ನು ಈ ಸಭೆಯಲ್ಲಿ ನಾನು ವಿವರಿಸಬೇಕಿಲ್ಲ. ಇಂಗ್ಲೆಂಡಿನಲ್ಲಿ 1990ರ ದಶಕದ ಆರಂಭದಲ್ಲಿ ಅದನ್ನು ಗ್ರೈಪ್ ವಾಟರಿನಿಂದ ತೆಗೆಸಿದರು. ಇಲ್ಲಿ ಈಗ ಸಿಗುವುದೂ ಮದ್ಯಸಾರವಿಲ್ಲದ್ದೇ. ಉಳಿದ ಅಂಶಗಳು ಹೊಟ್ಟೆಯುಬ್ಬರ ಇಳಿಸುತ್ತವೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಇವತ್ತು ಔಷಧಿ ಅಂಗಡಿಯಲ್ಲಿ ಕೊಡುವ ಹನಿಗಳಲ್ಲಿ ಸಿಮೆಥಿಕೋನ್ ಎಂಬುದಿದೆ, ಗುಳ್ಳೆ ಒಡೆಯುವ ವಸ್ತು. ಜತೆಗೆ ಕೆಲವುಗಳಲ್ಲಿ ಅದೇ ಸಬ್ಬಸಿಗೆ ಎಣ್ಣೆ! ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಿಮೆಥಿಕೋನಿಗೂ ಬರೀ ಹುಸಿ ಔಷಧಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಹಾನಿಯೂ ಇಲ್ಲ ಅನ್ನಿ, ಹಣದ್ದು ಬಿಟ್ಟು. ಆದರೆ ಡೈಸೈಕ್ಲೋಮಿನ್ ಇರುವ ಹನಿ ಆರು ತಿಂಗಳೊಳಗಿನ ಕೂಸಿಗೆ ಕೂಡದು. ಉಸಿರೇ ಕಟ್ಟಬಹುದು. ಮನೆಯಲ್ಲಿ ದೊಡ್ಡ ಮಗುವಿಗೆ ತಂದ ಹಳೆಯ ಸೀಸೆಯಿದ್ದರೆ ಅದರಿಂದ ಎರಡು ಹನಿ ಎಂದು ಹಾಕಲು ಹೋಗಬೇಡಿ.

ಸ್ವಲ್ಪ ಫಲ ಕಂಡಿರುವುದು ಬೇರೊಂದು ಕಡೆ. ಲ್ಯಾಕ್ಟೊಬ್ಯಾಸಿಲಸ್ ರ‍್ಯೂಟರಿ ಎಂಬ ಒಳ್ಳೆಯ ಸೂಕ್ಷ್ಮಜೀವಿಯ ಹನಿಯನ್ನು ಕುರಿತ ನಾಲ್ಕು ಪ್ರಯೋಗಗಳನ್ನು, ಒಟ್ಟು 345 ಕೂಸುಗಳ ವಿವರವನ್ನು, 2018ರಲ್ಲಿ ಒಟ್ಟು ಮಾಡಿ ನೋಡಿದರು. ತಾಯಿಯ ಹಾಲು ಕುಡಿಯುವ ಕೂಸುಗಳಲ್ಲಿ ಅಳು ಕಡಿಮೆಯಾಗಿತ್ತು, ಡಬ್ಬಿ ಹಾಲಿನವರಲ್ಲಿ ಅಷ್ಟು ಸ್ಪಷ್ಟವಿರಲಿಲ್ಲ. ವೈದ್ಯರನ್ನು ಕೇಳಿಯೇ ಕೊಡಬೇಕಾದ್ದು ಅದು. ಅಂದ ಹಾಗೆ, ತಾಯಿಯ ಹಾಲಿನ ಕೂಸಿಗೆ ವಾಯು ಆಗುವುದು ಸಹಜ. ಹಾಲಿನಲ್ಲಿ ಕೂಸಿಗೆ ಜೀರ್ಣವಾಗದ ಒಂದು ಬಗೆಯ ಸಕ್ಕರೆಗಳಿವೆ. ಅವು ಕೂಸಿಗಲ್ಲ, ಕರುಳಲ್ಲಿ ನೆಲೆಸುವ ಬೈಫಿಡೊ ಎಂಬ ಸೂಕ್ಷ್ಮಜೀವಿಗಳ ಊಟ. 1899ರಲ್ಲಿ ಪ್ಯಾರಿಸ್ಸಿನ ಹೆನ್ರಿ ಟಿಸಿಯೆ ಇವನ್ನು ಮೊದಲು ಕಂಡದ್ದೂ ಎದೆಹಾಲು ಕುಡಿಯುವ ಕೂಸಿನ ಮಲದಲ್ಲೇ. 

ಇನ್ನು ತಾಯಿಯ ತಟ್ಟೆ. ಬಳ್ಳಾರಿಯ ಪಕ್ಕದ ಸಂಗನಕಲ್ಲಿನ ಗುಡ್ಡದಲ್ಲಿ ನವಶಿಲಾಯುಗದ ಜನ ಬದುಕಿದ ಮಣ್ಣನ್ನು ಸೋಸಿ ನೋಡಿದವರಿಗೆ ಸುಟ್ಟು ಕರಕಾದ ಹುರುಳಿ, ಹೆಸರು ಕಾಳುಗಳು ಸಿಕ್ಕಿವೆ. ಮೂರೂವರೆ, ನಾಲ್ಕು ಸಾವಿರ ವರ್ಷ ಹಳೆಯವು. ಆ ಗುಡ್ಡದ ಬಾಣಂತಿಯರೂ ಹುರುಳಿ ಉಂಡೇ ಮೊಲೆಯೂಡಿರಬೇಕು, ಬೇರೆ ಏನಿತ್ತು ಅವರಿಗೆ? ವಾಯು ಪದಾರ್ಥ ತಾಯಿ ತಿಂದರೆ ಕೂಸಿಗೆ ವಾಯು ಎಂಬುದು ಕೇಳಲು ಸರಿಯೆನಿಸುತ್ತದೆ. ಆದರೆ ಕಾಳು ತಿಂದಾಗ ವಾಯು ಹುಟ್ಟುವುದು ತಾಯಿಯ ದೊಡ್ಡ ಕರುಳಿನಲ್ಲಿ. ಹಾಲು ತಯಾರಾಗುವುದು ಅವಳ ರಕ್ತದಿಂದ. ಕರುಳಿನ ಗುಳ್ಳೆ ರಕ್ತ ದಾಟಿ ಹಾಲಿಗೆ ಬರುವುದಿಲ್ಲ. ದಾಟಿ ಬರುವುದು ರುಚಿ, ವಾಸನೆ. 1991ರಲ್ಲಿ ಅಮೆರಿಕದ ಜೂಲಿ ಮೆನೆಲ್ಲಾ ಮತ್ತು ಗ್ಯಾರಿ ಬೋಶಾಂ ತಾಯಂದಿರಿಗೆ ಬೆಳ್ಳುಳ್ಳಿಯ ಗುಳಿಗೆ ಕೊಟ್ಟು ನೋಡಿದರು. ಸುಮಾರು ಎರಡು ಗಂಟೆಗೆ ಹಾಲಿಗೆ ಬೆಳ್ಳುಳ್ಳಿಯ ವಾಸನೆ ಬಂತು. ಕೂಸುಗಳು ಮುಖ ತಿರುಗಿಸಲಿಲ್ಲ. ಇನ್ನೂ ಹೆಚ್ಚು ಹೊತ್ತು ಮೊಲೆ ಹಿಡಿದವು. ಬಾಣಂತಿಗೆ ಬೆಳ್ಳುಳ್ಳಿ ಸುರಿಯುವ ನಮ್ಮವರಿಗೆ ಇದು ಹೊಸ ಸುದ್ದಿಯೇನಲ್ಲ.

ಹಾಗಾದರೆ ತಾಯಿ ಉಂಡದ್ದು ಕೂಸಿಗೆ ತಾಗುವುದೇ ಇಲ್ಲವೆ? ಅಪರೂಪಕ್ಕೆ ತಾಗುತ್ತದೆ. ಕೆಲವು ಕೂಸುಗಳಿಗೆ ತಾಯಿ ಕುಡಿದ ಹಸು, ಎಮ್ಮೆಯ ಹಾಲಿನ ಪ್ರೋಟೀನು ಒಗ್ಗುವುದಿಲ್ಲ. ಮಲದಲ್ಲಿ ರಕ್ತದ ಎಳೆ, ಮೈಮೇಲೆ ಗಂದೆ, ವಾಂತಿ ಇದ್ದರೆ ವೈದ್ಯರು ತಾಯಿಗೆ ಎರಡು ವಾರ ಹಾಲು, ಮೊಸರು ಬಿಡಿಸಿ ನೋಡುತ್ತಾರೆ. ಗುಣ ಕಾಣದಿದ್ದರೆ ಮತ್ತೆ ಕೊಡುತ್ತಾರೆ. ಇದು ಪರೀಕ್ಷೆ. ತಿಂಗಳುಗಟ್ಟಲೆ ಬೇಳೆ, ಸೊಪ್ಪು, ಹಣ್ಣು ಎಲ್ಲ ಬಿಡಿಸುವ ಪಥ್ಯ ಬೇರೆ. ಹೆತ್ತು ರಕ್ತ ಕಳೆದುಕೊಂಡವಳಿಗೆ, ದಿನವೂ ಹಾಲಾಗಿ ಹರಿಯುವವಳಿಗೆ ಬೇಳೆಕಾಳು ನಿಲ್ಲಿಸಿದರೆ ಬಡವಾಗುವವಳು ಅವಳೇ. ನಮ್ಮಕ್ಕ ಆ ಒಂದು ತಿಂಗಳಲ್ಲಿ ಎದ್ದು ನಿಂತರೆ ತಲೆ ಸುತ್ತುತ್ತದೆ ಎನ್ನುವಂತಾಗಿದ್ದಳು.

ಕೂಸಿನ ಹೊಟ್ಟೆಗೆ ಗಾಳಿ ಹೋಗುವ ದಾರಿ ಹೆಚ್ಚಾಗಿ ಬಾಯಿಯೇ. ಮೊಲೆತೊಟ್ಟಷ್ಟೇ ಹಿಡಿದರೆ ಪಕ್ಕದಿಂದ ಗಾಳಿ ಹೋಗುತ್ತದೆ, ಚಪ್ ಚಪ್ ಸದ್ದು ಬರುತ್ತದೆ. ಬಾಯಿ ಅಗಲವಾಗಿ ತೆರೆದು, ತೊಟ್ಟಿನ ಸುತ್ತಲ ಕಪ್ಪು ಭಾಗದ ಬಹುಪಾಲು ಒಳಗಿದ್ದು, ಗದ್ದ ಎದೆಗೆ ತಾಗಿರಬೇಕು. ಈ ಭಾಗದಲ್ಲಿ ಇನ್ನೊಂದು ಕಾರಣವಿದೆ. ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಹಾಕುವವಳು, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದಲ್ಲಿ ಕೂತವಳು ನಾಲ್ಕೈದು ಗಂಟೆ ಕೂಸಿನಿಂದ ದೂರವಿರುತ್ತಾಳೆ. ಎದೆ ಕಲ್ಲಾಗಿರುತ್ತದೆ. ಓಡಿ ಬಂದು ಮೊಲೆ ಕೊಟ್ಟರೆ ಹಾಲು ಚಿಮ್ಮುತ್ತದೆ, ಕೂಸು ಉಸಿರುಗಟ್ಟಿ ಹಾಲಿನ ಜತೆ ಗಾಳಿಯನ್ನೂ ನುಂಗುತ್ತದೆ. ಮೊದಲು ಸ್ವಲ್ಪ ಹಾಲು ಕೈಯಿಂದ ಹಿಂಡಿ ತೆಗೆದು, ತಾಯಿ ಹಿಂದಕ್ಕೆ ಒರಗಿ ಕೂತು, ಕೂಸನ್ನು ಎದೆಯ ಮೇಲೆ ಹಾಕಿಕೊಂಡು ಕುಡಿಸಿದರೆ ರಭಸ ತಗ್ಗುತ್ತದೆ. ಒಂದು ಬದಿ ಪೂರ್ತಿ ಬರಿದಾಗುವವರೆಗೆ ಕುಡಿಸಿಯೇ ಇನ್ನೊಂದು ಬದಿಗೆ ಬದಲಿಸಬೇಕು. ಹಾಲು ತುಂಬಾ ಇರುವ ತಾಯಿ ಆತುರದಲ್ಲಿ ಬದಿ ಬದಲಿಸುತ್ತಿದ್ದರೆ ಕೂಸಿಗೆ ಮೊದಲ ತೆಳು ಹಾಲೇ ಹೆಚ್ಚಾಗಿ ಹೋಗಿ ಹಸಿರು, ನೊರೆ ಮಲವಾಗುತ್ತದೆ. 2017ರಲ್ಲಿ ಹೆರಿಗೆ ರಜೆ 26 ವಾರಕ್ಕೆ ಏರಿತೆಂದು ನಾವೇ ಪತ್ರಿಕೆಯಲ್ಲಿ ದೊಡ್ಡಕ್ಷರದಲ್ಲಿ ಬರೆದೆವು. ನಾಟಿ ಹಾಕುವವಳಿಗೆ ಯಾವ ಮಾಲೀಕ ರಜೆ ಕೊಡುತ್ತಾನೆ?

ಕುಡಿಸಿದ ಮೇಲೆ ಹೆಗಲ ಮೇಲೆ ಹಾಕಿ ತೇಗಿಸುವುದು ಎಲ್ಲರೂ ಮಾಡುವುದೇ. ಚಂಡೀಗಢದಲ್ಲಿ 71 ತಾಯಿ-ಮಗುವಿನ ಜೋಡಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ತೇಗಿಸಿದ್ದರಿಂದ ಕಾಲಿಕ್ ಕಡಿಮೆಯಾಗಲಿಲ್ಲ, ಹಾಲು ಕಕ್ಕುವುದು ಹೆಚ್ಚಾಯಿತು. ತೇಗಿಸಬೇಡಿ ಎಂದಲ್ಲ. ತೇಗು ಬರಲಿಲ್ಲವೆಂದು ನಿದ್ದೆ ಬಂದ ಕೂಸಿನ ಬೆನ್ನು ಅರ್ಧ ಗಂಟೆ ಬಡಿಯುವುದು ಬೇಕಿಲ್ಲ.

ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವ ಅಜ್ಜಿಯರನ್ನು ಗಮನಿಸಿ. ಮೊಣಕಾಲು ಮಡಿಸಿ ಹೊಟ್ಟೆಗೆ ಮೆಲ್ಲಗೆ ಒತ್ತುತ್ತಾರೆ, ಬಿಡುತ್ತಾರೆ, ಹೊಕ್ಕುಳ ಸುತ್ತ ಗಡಿಯಾರದ ಮುಳ್ಳಿನಂತೆ ಬೆರಳಾಡಿಸುತ್ತಾರೆ. ಮಕ್ಕಳ ವೈದ್ಯರು ಸೈಕಲ್ ತುಳಿಸಿದಂತೆ ಮಾಡಿ ಅನ್ನುವುದೂ ಇದನ್ನೇ. ಹಾಲು ಕುಡಿದ ಕೂಡಲೇ ಮಾತ್ರ ಬೇಡ. ಎರೆಯುವಾಗ ಕಿವಿ, ಮೂಗಿಗೆ ಎಣ್ಣೆ ಬಿಡುವುದನ್ನೂ ಬಿಟ್ಟುಬಿಡಿ. ಮೂಗಿನ ಎಣ್ಣೆ ಪುಪ್ಪುಸಕ್ಕೆ ಇಳಿದು ನ್ಯುಮೋನಿಯಾ ಆದ ಕೂಸುಗಳನ್ನು ನಮ್ಮ ಆಸ್ಪತ್ರೆಗಳು ಕಂಡಿವೆ. ಸಂಜೆ ಅಳುವ ಕೂಸಿಗೆ ಮುಂಗೈ ಮೇಲೆ ಬೋರಲು ಹಾಕಿಕೊಂಡು ಅಡ್ಡಾಡುವುದು, ಎದೆಗೆ ಅವುಚಿಕೊಳ್ಳುವುದು, ಜೋಲಿ ತೂಗುವುದು, ಜೋಗುಳ ಇವೆಲ್ಲ ಹಿತ. ಮಲಗಿಸುವಾಗ ಅಂಗಾತವೇ ಮಲಗಿಸಬೇಕು. ತಾಳ್ಮೆ ತಪ್ಪಿ ಕೂಸನ್ನು ಜೋರಾಗಿ ಅಲುಗಾಡಿಸಬಾರದು, ಮಿದುಳಿಗೆ ಪೆಟ್ಟಾಗುತ್ತದೆ. ತಾಯಿಗೆ ಸಾಕಾದಾಗ ಮನೆಯಲ್ಲಿರುವ ಗಂಡಸರು ಎತ್ತಿಕೊಳ್ಳಲಿ. ನಮ್ಮ ಮನೆಯ ಅಂಗಳದಲ್ಲಿ ನಾನು ರಾತ್ರಿ ಒಂಬತ್ತರವರೆಗೆ ಹಾಕಿದ ಸುತ್ತುಗಳನ್ನು ಜೋಡಿಸಿದರೆ ಸಿರುಗುಪ್ಪದಿಂದ ಬಳ್ಳಾರಿ ಮುಟ್ಟಬಹುದಿತ್ತು.

ಬರೆಯ ಮಾತನ್ನು ಸಂಕೋಚವಿಲ್ಲದೆ ಆಡುತ್ತೇನೆ. ಬಿಸಿ ಬಳೆ, ಅರಿಶಿನ ಕೊಂಬು, ಊದುಬತ್ತಿಯಿಂದ ಕೂಸಿನ ಹೊಟ್ಟೆ ಸುಡುವುದು ನಮ್ಮ ಉತ್ತರ ಕರ್ನಾಟಕದಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಹಿಂದೆ ಎಳೆಕೂಸಿನ ಕಾಯಿಲೆಗೆ ಪೂತನಿ, ರೇವತಿಯೆಂಬ ಗ್ರಹಗಳು ಕಾರಣವೆಂದು ನಂಬಿದ್ದ ಕಾಲದಲ್ಲಿ ಜನ ಏನೇನೋ ಮಾಡಿರಬಹುದು. ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಅಗೆದಾಗ ನವಶಿಲಾಯುಗದ ಜನ ತಮ್ಮ ಎಳೆಯ ಮಕ್ಕಳನ್ನು ಮಡಕೆಯಲ್ಲಿಟ್ಟು ಹೂಳಿದ್ದು ಕಂಡುಬಂತು. ಕೂಸು ಕಳೆದುಕೊಳ್ಳುವ ಭಯ ಈ ನೆಲಕ್ಕೆ ಅಷ್ಟು ಹಳೆಯದು. ಆ ಭಯವನ್ನು ನಾನು ಅಣಕಿಸುವುದಿಲ್ಲ. ಆದರೆ ಬರೆಯಿಂದ ವಾಯು ಇಳಿಯುವುದಿಲ್ಲ. ಸುಟ್ಟ ಗಾಯ ಕೀವಾಗಿ ನಂಜು ರಕ್ತಕ್ಕೆ ಸೇರುತ್ತದೆ. ಕೂಸು ಆಮೇಲೆ ಸುಮ್ಮನಾದರೆ ಅದು ಗುಣವಲ್ಲ, ದಣಿವು.

ಬರೆ ಹಾಕಿಸುವವರು ಕಳೆಯುವ ಹೊತ್ತೂ ದುಬಾರಿ, ಏಕೆಂದರೆ ಕೆಲವು ಅಳು ಬರೀ ವಾಯುವಿನದಲ್ಲ. ಹಸಿರು ಬಣ್ಣದ ವಾಂತಿ, ಮಲದಲ್ಲಿ ರಕ್ತ, ಗಟ್ಟಿಯಾಗಿ ಉಬ್ಬಿ ಇಳಿಯದ ಹೊಟ್ಟೆ, ತೊಡೆಸಂದಿಯಲ್ಲಿ ಗಂಟು, ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಮುಟ್ಟಿದ ಜ್ವರ, ಮೊಲೆ ಬೇಡವೆನ್ನುವುದು, ಮಂಕು ಬಡಿದಂತೆ ಬಿದ್ದಿರುವುದು. ಇವುಗಳಲ್ಲಿ ಒಂದು ಕಂಡರೂ ರಾತ್ರಿ, ಹಗಲು ನೋಡದೆ ಆಸ್ಪತ್ರೆಗೆ ಹೊರಡಬೇಕು. ಕರೆಯಲು 108 ಇದೆ. ಕುರುಗೋಡು, ಸಿರುಗುಪ್ಪದಲ್ಲಿ ಆಗದ್ದಕ್ಕೆ ಬಳ್ಳಾರಿಯಲ್ಲಿ 1961ರಿಂದ ವೈದ್ಯಕೀಯ ಕಾಲೇಜೇ ಇದೆ. ದಿನಕ್ಕೆ ಆರಕ್ಕಿಂತ ಕಡಿಮೆ ಸಲ ಉಚ್ಚೆ ಹೊಯ್ದರೆ, ತೂಕ ಏರದಿದ್ದರೆ ಹಾಲು ಸಾಲುತ್ತಿಲ್ಲವೆಂದು ಅನುಮಾನಿಸಿ ತೋರಿಸಿ. ಇದಕ್ಕೆ ವಿರುದ್ಧವಾಗಿ, ಆರು ವಾರ ದಾಟಿದ ಎದೆಹಾಲಿನ ಕೂಸು ನಾಲ್ಕೈದು ದಿನ ಮಲ ಮಾಡದಿದ್ದರೂ, ಹೊಟ್ಟೆ ಮೆತ್ತಗಿದ್ದು ಆಡಿಕೊಂಡಿದ್ದರೆ ಗಾಬರಿಯಿಲ್ಲ. ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಹಚ್ಚಿ ತೂರಿಸಲು ಹೋಗಬೇಡಿ.

ನಮ್ಮಕ್ಕನಿಗೆ ಈಗ ಮತ್ತೆ ಏಳು ತಿಂಗಳು. ಈ ಸಲ ಬಾಣಂತನಕ್ಕೆ ಬಂದಾಗ ಹುರುಳಿ ಸಾರು ತನಗೆ ಬೇಕೇ ಬೇಕೆಂದು ಈಗಲೇ ಅಮ್ಮನಿಗೆ ಹೇಳಿಟ್ಟಿದ್ದಾಳೆ. ಸಬ್ಬಸಿಗೆ ಪಲ್ಯವೂ ಇರುತ್ತದೆ, ಔಷಧಿಯೆಂದಲ್ಲ, ಅವಳಿಗೆ ಇಷ್ಟವೆಂದು. ನನ್ನ ಮಾತು ಮುಗಿಯಿತು. ಕೇಳುವುದಿದ್ದರೆ ಕೇಳಿ, ನನಗೆ ತಿಳಿಯದ್ದಕ್ಕೆ ಉತ್ತರ ಹೇಳಲು ಆರೋಗ್ಯ ಕೇಂದ್ರದ ಸಿಸ್ಟರ್ ಇಲ್ಲೇ ಕೂತಿದ್ದಾರೆ.